ಹರಳಿನೊಳಗಿನ ಬಿಸಿ, ಹೊರಗಿನ ಮಳೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಿರಿಯರ ಬಾಯಲ್ಲಿ ಲೇಸರ್ ಎಂಬ ಮಾತು ಈಗ ಹೊಸದಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಕೆಲವರಿಗೆ ಮತ್ತೆ ಮಂಜು ಕವಿದಂತಾಗುತ್ತದೆ. ಪೊರೆ ತಿರುಗಿ ಬಂತೆಂದು ಗಾಬರಿ ಬೀಳುತ್ತಾರೆ. ಪೊರೆ ತಿರುಗಿ ಬರುವುದಿಲ್ಲ. ಕೃತಕ ಮಸೂರ ಕೂರಿಸಲೆಂದು ಡಾಕ್ಟರು ಉಳಿಸಿಕೊಂಡಿದ್ದ ತೆಳು ಚೀಲದ ಹಿಂಬದಿ ಮಸುಕಾಗಿರುತ್ತದೆ, ಅಷ್ಟೆ. ಆ ಚೀಲಕ್ಕೆ ನಡುವೆ ಒಂದು ಕಿಂಡಿ ತೆಗೆದರೆ ಸಾಕು, ಬೆಳಕು ಸರಾಗ ಒಳಗೆ ಹೋಗುತ್ತದೆ. "ಒಂದ್ಸಲ ಲೇಸರ್ ಹೊಡೆಸ್ಕೊಂಡು ಬನ್ನಿ" ಎಂದು ಚೀಟಿ ಬರೆದು ಕಳಿಸುತ್ತಾರೆ.

ಹೋದಲ್ಲಿ ಸೂಜಿಯಿಲ್ಲ, ಕತ್ತರಿಯಿಲ್ಲ. ಪಾಪೆ ಅಗಲವಾಗಲು ಕಣ್ಣಿಗೆ ಡ್ರಾಪ್ಸ್ ಬಿಡುತ್ತಾರೆ, ಅದು ಹಿಡಿಯುವವರೆಗೆ ಬೆಂಚಿನ ಮೇಲೆ ಕಾಯಬೇಕು. ಆಮೇಲೆ ಯಂತ್ರದ ಮುಂದೆ ಗದ್ದ ಊರಿ, ಹಣೆಯನ್ನು ಪಟ್ಟಿಗೆ ಒತ್ತಿ ಕೂರುವುದು. "ಅಲ್ಲಾಡ್ಬೇಡಿ ಅಮ್ಮ, ಎದುರಿಗೆ ನೋಡಿ." ಆಚೆ ಬದಿಯಲ್ಲಿ ಕೂತ ಡಾಕ್ಟರಿಗೆ ಎರಡು ಕೆಂಪು ಚುಕ್ಕೆ ಕಾಣುತ್ತಿರುತ್ತವೆ. ಯಂತ್ರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿದಾಗ ಎರಡೂ ಚುಕ್ಕೆ ಒಂದಾಗುತ್ತವೆ. ಒಂದಾದ ಜಾಗವೇ ಗುರಿ. ಗುಂಡಿ ಒತ್ತಿದರೆ 'ಟಿಕ್' ಎನ್ನುತ್ತದೆ. ಇನ್ನೊಂದು ಟಿಕ್, ಮತ್ತೊಂದು. ಹತ್ತಿಪ್ಪತ್ತು ಟಿಕ್ ಮುಗಿಯುವಷ್ಟರಲ್ಲಿ ಚೀಲ ನಡುವೆ ಬಿರಿದು ತೆರೆದುಕೊಂಡಿರುತ್ತದೆ. ಪ್ಯಾರಿಸ್ಸಿನ ಡ್ಯಾನಿಯೆಲ್ ಆರಾನ್ ರೋಸಾ, ಸ್ವಿಟ್ಜರ್ಲೆಂಡಿನ ಫ್ರಾಂಜ್ ಫ್ಯಾಂಕ್‌ಹೌಸರ್ ಎಂಬ ಇಬ್ಬರು ಕಣ್ಣಿನ ವೈದ್ಯರು 1980ರ ಆಸುಪಾಸಿನಲ್ಲಿ ರೂಢಿಗೆ ತಂದ ಚಿಕಿತ್ಸೆ ಇದು.

ಒಂದು ಟಿಕ್‌ನಲ್ಲಿರುವ ಶಕ್ತಿ ಒಂದೆರಡು ಮಿಲಿಜೌಲ್ ಮಾತ್ರ. ಒಂದು ಹನಿ ನೀರನ್ನು ಬೆಚ್ಚಗೆ ಮಾಡಲೂ ಅದು ಸಾಲದು. ಆದರೆ ಆ ಪುಟ್ಟ ಶಕ್ತಿ ನಾಲ್ಕೈದು ನ್ಯಾನೋಸೆಕೆಂಡಿನೊಳಗೆ, ಅಂದರೆ ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ ನಾಲ್ಕೈದು ಚೂರಿನ ಅವಧಿಯಲ್ಲಿ, ಒಮ್ಮೆಲೇ ಹೊರಬೀಳುತ್ತದೆ. 2 ಮಿಲಿಜೌಲನ್ನು 4 ನ್ಯಾನೋಸೆಕೆಂಡಿನಿಂದ ಭಾಗಿಸಿ ನೋಡಿ: 5 ಲಕ್ಷ ವ್ಯಾಟ್. ಅದಷ್ಟೂ ಸೂಜಿಮೊನೆಗಿಂತ ಸಣ್ಣ ಜಾಗದಲ್ಲಿ ಸೇರಿದಾಗ ಅಲ್ಲಿನ ಅಣುಗಳು ಚಿಂದಿಯಾಗಿ ಸಣ್ಣ ಸಿಡಿತ ಉಂಟಾಗುತ್ತದೆ. ಚೀಲವನ್ನು ಹರಿಯುವುದು ಆ ಸಿಡಿತವೇ.

ಈ ಬೆಳಕು ಹುಟ್ಟುವುದು ಬೆರಳುದ್ದದ, ಪೆನ್ಸಿಲ್ ದಪ್ಪದ ಒಂದು ಹರಳಿನಲ್ಲಿ. ಹೆಸರು ಯಾಗ್. ಇಟ್ರಿಯಂ, ಅಲ್ಯೂಮಿನಿಯಂ, ಆಮ್ಲಜನಕ ಸೇರಿದ ಕೃತಕ ಗಾರ್ನೆಟ್ಟು. ಅದರಲ್ಲಿ ಇಟ್ರಿಯಂ ಇರಬೇಕಾದ ನೂರು ಜಾಗಗಳ ಪೈಕಿ ಸುಮಾರು ಒಂದರಲ್ಲಿ ನಿಯೊಡೈಮಿಯಂ ಎಂಬ ಧಾತುವಿನ ಅಯಾನು ಕೂತಿರುತ್ತದೆ. ಬೆಳಕು ಕೊಡುವುದು ನಿಯೊಡೈಮಿಯಂ. ಯಾಗ್ ಅದಕ್ಕೆ ಮನೆ. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗ್ಯೂಸಿಕ್, ಮಾರ್ಕೋಸ್, ವಾನ್ ಯುಟರ್ಟ್ ಎಂಬ ಮೂವರು ಈ ಹರಳಿನಿಂದ ಲೇಸರ್ ಹೊಮ್ಮಿಸಿದರು. ಅರವತ್ತು ವರ್ಷ ದಾಟಿದರೂ ಅದನ್ನು ಪೂರ್ತಿ ಮೂಲೆಗೆ ತಳ್ಳುವ ಇನ್ನೊಂದು ಹರಳು ಬಂದಿಲ್ಲ. ಇಷ್ಟು ಬಾಳಿಕೆಗೆ ಕಾರಣ ಬಿಸಿಯ ಜೊತೆ ಅದು ಮಾಡಿಕೊಂಡಿರುವ ರಾಜಿ.

ಬಿಸಿ ಎಲ್ಲಿಂದ ಬರುತ್ತದೆ? ಹೊಸ ಯಂತ್ರಗಳಲ್ಲಿ ಹರಳಿಗೆ ಉಣಿಸುವುದು ಲೇಸರ್ ಡಯೋಡು ಕೊಡುವ 808 ನ್ಯಾನೋಮೀಟರ್ ತರಂಗಾಂತರದ ಬೆಳಕು. ಅದು ಹೊರಗೆ ಕೊಡುವುದು 1064ರ ಬೆಳಕು. ತರಂಗಾಂತರ ಉದ್ದವಾದಷ್ಟೂ ಬೆಳಕಿನ ಕಣವೊಂದರ ಶಕ್ತಿ ಕಡಿಮೆ. 808ನ್ನು 1064ರಿಂದ ಭಾಗಿಸಿದರೆ 0.76. ಅಂದರೆ ಪ್ರತಿ ಕಣದ ಲೆಕ್ಕದಲ್ಲೂ ನೂರಕ್ಕೆ 24 ಪಾಲು ಹರಳಿನೊಳಗೇ ಬಿಸಿಯಾಗಿ ಉಳಿಯಲೇಬೇಕು. ಯಂತ್ರ ಕಟ್ಟಿದವನು ಎಷ್ಟೇ ಜಾಣನಾದರೂ ಈ ತೆರಿಗೆಯಿಂದ ವಿನಾಯಿತಿ ಇಲ್ಲ. ಉಳಿದ ಸೋರಿಕೆಗಳು ಇದರ ಮೇಲಿನ ಸೆಸ್ಸು. ಡಯೋಡಿನ ಬದಲು ಜೆನಾನ್ ದೀಪ ಉರಿಸಿ ಉಣಿಸುವ ಯಂತ್ರಗಳಲ್ಲಂತೂ ದೀಪಕ್ಕೆ ಕೊಟ್ಟ ನೂರು ಪಾಲು ವಿದ್ಯುತ್ತಿನಲ್ಲಿ ಲೇಸರ್ ಆಗಿ ಹೊರಬರುವುದು ಎರಡು ಮೂರು ಪಾಲು ಮಾತ್ರ. ಹರಳೊಂದರಲ್ಲೇ ಅದರ ಎರಡರಷ್ಟು ಬಿಸಿಯಾಗಿ ಕೂರುತ್ತದೆ.

ಕಣ್ಣಾಸ್ಪತ್ರೆಯ ಯಾಗ್‌ಗೆ ಈ ಚಿಂತೆ ಇಲ್ಲ. ಒಂದು ಟಿಕ್ ಆಗಿ ಇನ್ನೊಂದು ಟಿಕ್ ಆಗುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ. ಸುತ್ತಲಿನ ಗಾಳಿಯೇ ಸಾಕು. ಅದೇ ಹರಳನ್ನು ಚಿನ್ನದ ಕೆಲಸದ ವರ್ಕ್‌ಶಾಪಿನ ಲೇಸರ್ ಸೋಲ್ಡರಿಂಗ್ ಮಶೀನಿನೊಳಗೆ ಇಟ್ಟರೆ ಕಥೆ ಬೇರೆ. ಸರದ ಕೊಂಡಿ ಬೆಸೆಯುವಾಗ ಪಕ್ಕದ ಹರಳುಕಲ್ಲಿಗೆ ಬಿಸಿ ತಾಗಬಾರದು, ಊದುಗೊಳವೆಯಲ್ಲಿ ಅದು ಕಷ್ಟ, ಅದಕ್ಕೇ ಲೇಸರ್. ಅಲ್ಲಿ ಸೆಕೆಂಡಿಗೆ ಹಲವು ಮಿಡಿತ, ಗಂಟೆಗಟ್ಟಲೆ. ಹರಳಿನ ಸುತ್ತ ನೀರು ಹರಿಯುತ್ತಲೇ ಇರಬೇಕು.

ನೀರು ತಾಗುವುದು ಹರಳಿನ ಹೊರಮೈಗೆ. ಬಿಸಿ ಹುಟ್ಟುವುದು ಮೈತುಂಬ. ಹಾಗಾಗಿ ನಡು ಬಿಸಿ, ಅಂಚು ತಣ್ಣಗೆ. ಎಷ್ಟು ವ್ಯತ್ಯಾಸ ಎಂದು ಲೆಕ್ಕ ಹಾಕಬಹುದು. 10 ಸೆಂಟಿಮೀಟರ್ ಉದ್ದದ ಯಾಗ್ ಕಡ್ಡಿಯಲ್ಲಿ 100 ವ್ಯಾಟ್ ಬಿಸಿ ಹುಟ್ಟುತ್ತಿದ್ದರೆ ನಡುವಿಗೂ ಅಂಚಿಗೂ ಸುಮಾರು 6 ಡಿಗ್ರಿ ಸೆಲ್ಸಿಯಸ್ ಅಂತರ. ಕಡ್ಡಿ ದಪ್ಪ ಇರಲಿ, ಸಣ್ಣಗಿರಲಿ, ಈ ಅಂತರ ಬದಲಾಗುವುದಿಲ್ಲ ಎಂಬುದು ಲೆಕ್ಕದ ಒಂದು ತಮಾಷೆ. ಸುಮಾರು 1950 ಡಿಗ್ರಿ ದಾಟಿದ ಕರಗಿನಿಂದ, ಗಂಟೆಗೆ ಮಿಲಿಮೀಟರಿನ ಆಸುಪಾಸಿನ ವೇಗದಲ್ಲಿ, ದಿನಗಟ್ಟಲೆ ಮೇಲೆಳೆದು ಬೆಳೆಸಿದ ಹರಳಿಗೆ 6 ಡಿಗ್ರಿ ಯಾವ ಲೆಕ್ಕ ಅನ್ನಿಸಬಹುದು. ಹರಳು ಅದನ್ನು ಸಹಿಸುತ್ತದೆ. ಬೆಳಕು ಸಹಿಸುವುದಿಲ್ಲ.

ಯಾಗ್‌ನ ವಕ್ರೀಭವನ ಸೂಚ್ಯಂಕ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಏಳೆಂಟು ಪಾಲು ಏರುತ್ತದೆ. ನಡು ಬಿಸಿಯಾದರೆ ನಡುವಿನ ಸೂಚ್ಯಂಕ ಅಂಚಿಗಿಂತ ಹೆಚ್ಚು. ಸಪಾಟಾಗಿ ಉಜ್ಜಿದ ಕಡ್ಡಿ, ಆಕಾರ ಎಳ್ಳಷ್ಟೂ ಬದಲಾಗದಿದ್ದರೂ, ಉಬ್ಬು ಮಸೂರದಂತೆ ವರ್ತಿಸತೊಡಗುತ್ತದೆ. ಮೇಲಿನ ಕಡ್ಡಿ 6 ಮಿಲಿಮೀಟರ್ ದಪ್ಪದ್ದಾದರೆ ಆ ಮಸೂರದ ಸಂಗಮದೂರ ಹತ್ತಿರಹತ್ತಿರ ಒಂದು ಮೀಟರ್. ಕನ್ನಡಕದ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಪ್ಲಸ್ ಒಂದು ನಂಬರು. ಬಿಸಿ 400 ವ್ಯಾಟಿಗೆ ಏರಿದರೆ ಪ್ಲಸ್ ನಾಲ್ಕು. ಲೇಸರ್ ಅಂದರೆ ಎರಡು ಕನ್ನಡಿಗಳ ನಡುವೆ ಬೆಳಕು ಹೋಗಿಬರುತ್ತ ಬಲಿಯುವ ವ್ಯವಸ್ಥೆ. ಅವುಗಳ ನಡುವೆ, ಯಾರೂ ಕೇಳದೆ, ಕೆಲಸ ಹೆಚ್ಚಿದಂತೆ ನಂಬರು ಏರುವ ಕನ್ನಡಕವೊಂದು ಬಂದು ಕೂತರೆ ಕಿರಣದ ಅಚ್ಚುಕಟ್ಟು ಕೆಡುತ್ತದೆ. ಮೊನೆಯಾಗಿ ಸೇರಬೇಕಾದ ಬೆಳಕು ಹರಡುತ್ತದೆ. ಯಂತ್ರ ಹೊತ್ತಿಸಿದ ಕೂಡಲೇ ಹಾಕಿದ ಬೆಸುಗೆಗೂ ಅರ್ಧ ಗಂಟೆಯ ನಂತರದ ಬೆಸುಗೆಗೂ ವ್ಯತ್ಯಾಸ ಬಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಕಡ್ಡಿಯ ತುದಿಯನ್ನು ಸ್ವಲ್ಪ ತಗ್ಗಾಗಿ ಉಜ್ಜಿ ಈ ಪ್ಲಸ್ಸಿಗೆ ಮೈನಸ್ ಜೋಡಿಸುವ ಉಪಾಯ ಉಂಟು, ಆದರೆ ಅದು ಯಾವುದೋ ಒಂದು ಶಕ್ತಿಗೆ ಮಾತ್ರ ಸರಿಹೊಂದುತ್ತದೆ.

ಇನ್ನೂ ಬಿಸಿ ಹೆಚ್ಚಿದರೆ ಹರಳಿನ ಮೈಯೇ ಬಿಗಿಯುತ್ತದೆ. ನಡು ಹಿಗ್ಗಲು ನೋಡುತ್ತದೆ, ತಣ್ಣಗಿರುವ ಹೊರಮೈ ಬಿಡುವುದಿಲ್ಲ. ಉರಿಯುತ್ತಿರುವ ಲಾಟೀನಿನ ಗಾಜಿಗೆ ಮಳೆಯ ಹನಿ ಸಿಡಿದರೆ ಚಟ್ಟೆಂದು ಸೀಳುವುದನ್ನು ಮಲೆನಾಡಿನ ಹಳಬರು ನೋಡಿರುತ್ತಾರೆ. ಲೇಸರ್ ಕಡ್ಡಿ ಒಡೆಯುವುದೂ ಇದೇ ಬಗೆಯಲ್ಲಿ. ಸೀಳು ಯಾವಾಗಲೂ ಹೊರಮೈಯ ಯಾವುದೋ ಸಣ್ಣ ಗೀರಿನಿಂದ ಶುರುವಾಗುತ್ತದೆ. ಒಡೆಯುವುದಕ್ಕೆ ಎಷ್ಟೋ ಮೊದಲೇ ಆ ಬಿಗಿತ ಬೆಳಕಿನ ಧ್ರುವೀಕರಣವನ್ನು ಕದಡಿ ಇನ್ನೊಂದು ತೊಂದರೆ ಕೊಡುತ್ತಿರುತ್ತದೆ.

ಇವೆಲ್ಲಕ್ಕೂ ಮೂಲ ಹರಳು ಎಷ್ಟು ಬಿಸಿ ಎಂಬುದರಲ್ಲಿ ಇಲ್ಲ, ನಡುವಿಗೂ ಅಂಚಿಗೂ ಎಷ್ಟು ಅಂತರ ಎಂಬುದರಲ್ಲಿದೆ. ಮಲೆನಾಡಿನ ಮಳೆಗಾಲಕ್ಕೆ ಬಂದಾಗ ಈ ಭೇದ ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ತೀರ್ಥಹಳ್ಳಿ ತಾಲೂಕಿನ ಆಗುಂಬೆಗೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಹೊಸನಗರದ ಹುಲಿಕಲ್ಲು ಅದರ ಜೊತೆ ಪೈಪೋಟಿಗೆ ನಿಂತ ಊರು. ಸಾಗರದ ಪೇಟೆಯಲ್ಲಿ ಮಳೆ ಇಷ್ಟಿಲ್ಲದಿದ್ದರೂ ಜೂನ್ ಮುಗಿದು ಸೆಪ್ಟೆಂಬರ್ ಬರುವವರೆಗೆ ಗಾಳಿಯಲ್ಲಿ ನೀರು ತುಂಬಿಕೊಂಡೇ ಇರುತ್ತದೆ. ಬೀರುವಿನೊಳಗಿನ ಬಟ್ಟೆ ಬೂಷ್ಟು ಹಿಡಿಯುತ್ತದೆ. ಕ್ಯಾಮೆರಾ ಇಟ್ಟುಕೊಂಡವರು ಅದರ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತಾರೆ, ಇಲ್ಲದಿದ್ದರೆ ಲೆನ್ಸಿನೊಳಗೆ ಜೇಡರಬಲೆಯಂಥ ಶಿಲೀಂಧ್ರ ಬೆಳೆಯುತ್ತದೆ. ಇಂಥ ಗಾಳಿಯಲ್ಲಿ ಲೇಸರ್ ಯಂತ್ರದ ಚಿಲ್ಲರನ್ನು, ಅಂದರೆ ನೀರು ತಣಿಸುವ ಪೆಟ್ಟಿಗೆಯನ್ನು, 20 ಡಿಗ್ರಿಗೆ ಇಟ್ಟರೆ ಏನಾಗುತ್ತದೆ?

ಗಾಳಿಯನ್ನು ತಣಿಸುತ್ತ ಹೋದರೆ ಒಂದು ಮಟ್ಟದಲ್ಲಿ ಅದರಲ್ಲಿರುವ ಆವಿ ನೀರಾಗಿ ಇಳಿಯತೊಡಗುತ್ತದೆ. ಅದು ಇಬ್ಬನಿ ಬಿಂದು. ಜುಲೈ ತಿಂಗಳ ಒಂದು ಮಧ್ಯಾಹ್ನ ಗಾಳಿ 25 ಡಿಗ್ರಿ, ಆರ್ದ್ರತೆ ಶೇಕಡಾ 90 ಎಂದಿಟ್ಟುಕೊಳ್ಳಿ. ಆಗಿನ ಇಬ್ಬನಿ ಬಿಂದು 23 ಡಿಗ್ರಿಯ ಮೇಲೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ 35 ಡಿಗ್ರಿ, ಆರ್ದ್ರತೆ ಶೇಕಡಾ 40 ಎಂದಿಟ್ಟುಕೊಂಡರೆ ಇಬ್ಬನಿ ಬಿಂದು 19 ಡಿಗ್ರಿ ಚಿಲ್ಲರೆ. ಬೇಸಿಗೆಯ ಸೆಖೆಯಲ್ಲಿ 20 ಡಿಗ್ರಿಯ ನೀರು ಹರಿಸಿದರೂ ಹರಳಿನ ತುದಿ ಒಣಗಿರುತ್ತದೆ. ತಂಪು ಮಳೆಗಾಲದಲ್ಲಿ ಅದೇ 20 ಡಿಗ್ರಿಯ ನೀರು ಹರಳಿನ ತುದಿಗೆ, ಕನ್ನಡಿಗೆ, ಲೆನ್ಸಿಗೆ ತೆಳುವಾಗಿ ಹನಿ ಕಟ್ಟಿಸುತ್ತದೆ. ಆ ಹನಿಗೆ ದೂಳು ಅಂಟುತ್ತದೆ. ಅದರ ಮೇಲೆ ಲೇಸರ್ ಹಾಯ್ದರೆ ಗಾಜಿನ ಲೇಪ ಸುಟ್ಟು ಕಲೆಯಾಗುತ್ತದೆ, ಕಲೆ ಇನ್ನಷ್ಟು ಬೆಳಕು ಹೀರಿ ಇನ್ನಷ್ಟು ಸುಡುತ್ತದೆ. ಬೆಳಕನ್ನು ತಡೆದಿಟ್ಟು ಒಮ್ಮೆಲೇ ಬಿಡುವ ಕ್ಯೂ ಸ್ವಿಚ್ ಎಂಬ ಕದ ಇರುವ ಲೇಸರ್‌ಗಳಿಗೆ ಇನ್ನೊಂದು ಗಂಡಾಂತರವುಂಟು. ಕೆಲವದರಲ್ಲಿ ಆ ಕದವೇ ಕೆಡಿಪಿ ಜಾತಿಯ ಹರಳು, ನೀರಿನಲ್ಲಿ ಉಪ್ಪಿನ ಹಾಗೆ ಕರಗುವಂಥದ್ದು. ಅದನ್ನು ಬಿಗಿಯಾಗಿ ಮುಚ್ಚಿದ ಗೂಡಿನಲ್ಲಿ ಇಟ್ಟಿರುತ್ತಾರೆ. ಗೂಡಿನ ಬಿಗಿ ಸಡಿಲಾದ ಯಂತ್ರಕ್ಕೆ ನಮ್ಮ ಮಳೆಗಾಲ ಪರೀಕ್ಷೆಯೇ ಸರಿ.

ಎಸಿ ಹಾಕಿದರಾಯಿತಲ್ಲ ಎನ್ನಬಹುದು. ಎಸಿ ಕೋಣೆಯ ಗಾಳಿಯಿಂದ ನೀರು ಹಿಂಡಿ ತೆಗೆಯುತ್ತದೆ, ಹಾಗಾಗಿ ಅದು ನಡೆಯುತ್ತಿರುವಷ್ಟು ಹೊತ್ತು ಚಿಂತೆಯಿಲ್ಲ. ಗಾಳಿಗೆ ಮರ ಬಿದ್ದು ಕರೆಂಟು ಹೋದ ಗಳಿಗೆಯಲ್ಲಿ, ಸೆಖೆ ಎಂದು ಯಾರೋ ಕಿಟಕಿ ತೆರೆದಾಗ, ಹೊರಗಿನ ತೇವದ ಗಾಳಿ ಒಳನುಗ್ಗಿ ಕೋಣೆಯಲ್ಲಿ ತಣ್ಣಗಿರುವುದನ್ನೆಲ್ಲ ಹುಡುಕಿ ಹೋಗಿ ಕೂರುತ್ತದೆ. ತಣ್ಣಗಿನ ವಾಹನದಲ್ಲಿ ಬಂದ ಉಪಕರಣವನ್ನು ಕಣ್ಣಿನ ಕ್ಯಾಂಪಿನ ಜಾಗದಲ್ಲಿ ಕೂಡಲೇ ಬಿಚ್ಚಿದರೂ ಇದೇ ಫಲ. ಅದನ್ನು ಪೆಟ್ಟಿಗೆಯಲ್ಲೇ ಮುಚ್ಚಿಟ್ಟು, ಹೊರಗಿನ ಶಾಖಕ್ಕೆ ಬರುವವರೆಗೆ ಕಾಯುವುದು ಒಳ್ಳೆಯದು. ಯಂತ್ರದ ಜೊತೆ ಬರುವ ಕೈಪಿಡಿಯಲ್ಲಿ ಹನಿ ಕಟ್ಟದ ಪರಿಸರದಲ್ಲಿ ಬಳಸಿ ಎಂಬ ಒಂದು ಸಾಲು ಇದ್ದೇ ಇರುತ್ತದೆ. ನನ್ನ ಮಟ್ಟಿಗೆ ಆ ಸಾಲು ಶರಾವತಿ ಕಣಿವೆಯನ್ನು ಕಂಡವರು ಬರೆದದ್ದಲ್ಲ. ಇಲ್ಲಿಗೆ ಬೇಕಾದ್ದು ಗೋಡೆಗೆ ನೇತುಹಾಕಿದ ಅಗ್ಗದ ಆರ್ದ್ರತಾ ಮಾಪಕ, ಮತ್ತು ಚಿಲ್ಲರಿನ ನೀರನ್ನು ಇಬ್ಬನಿ ಬಿಂದುವಿಗಿಂತ ಎರಡು ಮೂರು ಡಿಗ್ರಿ ಮೇಲೆಯೇ ಇಡುವ ಶಿಸ್ತು. ಮಳೆಗಾಲದಲ್ಲಿ 20ರ ಬದಲು 26.

ಆರು ಡಿಗ್ರಿ ಹೆಚ್ಚಿಸಿದರೆ ಹರಳು ಒಪ್ಪುತ್ತದೆಯೇ? ನೀರಿನ ಬಿಸಿ ಏರಿದರೆ ಕಡ್ಡಿಯ ನಡುವೂ ಅಂಚೂ ಒಟ್ಟಿಗೇ ಏರುತ್ತವೆ. ಅಂತರ ಇದ್ದಷ್ಟೇ ಇರುತ್ತದೆ, ಕನ್ನಡಕದ ನಂಬರು ಬದಲಾಗುವುದಿಲ್ಲ. ಉಳಿಯುವುದು ನಿಯೊಡೈಮಿಯಂನ ಅಭಿಪ್ರಾಯ.

ಅದನ್ನು ತಿಳಿಯಲು 1960ಕ್ಕೆ ಹೋಗಬೇಕು. ಆ ವರ್ಷ ಮೇ 16ರಂದು ಕ್ಯಾಲಿಫೋರ್ನಿಯಾದ ಹ್ಯೂಸ್ ಪ್ರಯೋಗಾಲಯದಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಜಗತ್ತಿನ ಮೊದಲ ಲೇಸರ್ ಹೊಮ್ಮಿಸಿದ. ಮಾಣಿಕ್ಯದಲ್ಲಿ ಬೆಳಕು ಕೊಡುವ ಕ್ರೋಮಿಯಂ ಅಯಾನು ತನ್ನ ಕೆಲಸ ಮುಗಿಸಿ ಬಂದು ಬೀಳುವುದು ಎಲ್ಲಕ್ಕಿಂತ ಕೆಳಗಿನ ಶಕ್ತಿಮಟ್ಟಕ್ಕೆ. ಅಲ್ಲಿ ಮೊದಲೇ ಜನ ಕಿಕ್ಕಿರಿದಿರುತ್ತಾರೆ. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯನ್ನು ಮೇಲಕ್ಕೆ ಎತ್ತದ ಹೊರತು ಲೇಸರ್ ಶುರುವಾಗದು. ಅದೇ ವರ್ಷದ ಕೊನೆಗೆ ಸೊರೋಕಿನ್ ಮತ್ತು ಸ್ಟೀವನ್‌ಸನ್ ಬೇರೆ ಹರಳಿನಲ್ಲಿ, ಬೀಳುವ ಮಟ್ಟ ತಳಕ್ಕಿಂತ ಮೇಲಿರುವಂಥ ಲೇಸರ್ ಮಾಡಿ ತೋರಿಸಿದರು. ಆದರೆ ಹರಳನ್ನು ದ್ರವ ಹೀಲಿಯಂನ ಚಳಿಯಲ್ಲಿಟ್ಟು. ಕಾರಣ, ಬಿಸಿಯೇ ತಳದಲ್ಲಿರುವ ಅಯಾನುಗಳನ್ನು ತಳ್ಳಿ ಮೇಲಿನ ಮಟ್ಟಕ್ಕೆ ಹತ್ತಿಸುತ್ತದೆ. ಖಾಲಿಯಿರಬೇಕಾದ ಮೆಟ್ಟಿಲು ತುಂಬಿಕೊಳ್ಳುತ್ತದೆ.

ಹತ್ತುವವರು ಎಷ್ಟು ಎಂಬುದು ಮೆಟ್ಟಿಲಿನ ಎತ್ತರಕ್ಕೂ ಬಿಸಿಗೂ ಇರುವ ಅನುಪಾತದಿಂದ ತೀರ್ಮಾನವಾಗುತ್ತದೆ. ಕೋಣೆಯ ಬಿಸಿ ಕೊಡುವ ತಳ್ಳು, ರೋಹಿತ ಶಾಸ್ತ್ರದ ಅಳತೆಯಲ್ಲಿ, ಸುಮಾರು 208. ನಿಯೊಡೈಮಿಯಂ ಯಾಗ್‌ನ ಕೆಳಮೆಟ್ಟಿಲು ಇರುವುದು 2111ರ ಎತ್ತರದಲ್ಲಿ, ಹತ್ತು ಪಟ್ಟು ಮೇಲೆ. ಕೋಣೆಯ ಬಿಸಿಯಲ್ಲಿ ಅಲ್ಲಿಗೆ ಹತ್ತಿರುವವರು ಹೆಚ್ಚೆಂದರೆ ಲಕ್ಷಕ್ಕೆ ನಾಲ್ಕೈದು ಅಯಾನು. ಹರಳು 50 ಡಿಗ್ರಿಗೆ ಏರಿದರೂ ಲಕ್ಷಕ್ಕೆ ಹತ್ತರೊಳಗೇ. ಮೆಟ್ಟಿಲು ಖಾಲಿಯೆಂದೇ ಲೆಕ್ಕ. ಹೀಗಾಗಿ ಆರು ಡಿಗ್ರಿಗೆ ಯಾಗ್ ಮುಖ ಸಿಂಡರಿಸುವುದಿಲ್ಲ. ಪೂರ್ತಿ ನಿರ್ಲಿಪ್ತವೂ ಅಲ್ಲ: ಬಿಸಿ ಏರಿದಂತೆ ಹರಳಿನ ಪರಮಾಣುಗಳ ಕಂಪನ ಹೆಚ್ಚಿ ಅದು ಕೊಡುವ ಬೆಳಕಿನ ರೇಖೆ ಅಗಲವಾಗುತ್ತದೆ, ಎತ್ತರ ತಗ್ಗುತ್ತದೆ, ಉತ್ಪತ್ತಿ ಸ್ವಲ್ಪ ಇಳಿಯುತ್ತದೆ. ಮಳೆಗಾಲದ ಮಟ್ಟಿಗೆ ಒಪ್ಪಿಕೊಳ್ಳಬಹುದಾದ ನಷ್ಟ ಅದು.

ಇಟರ್ಬಿಯಂ ಹಾಕಿದ ಯಾಗ್ ಇಷ್ಟು ಉದಾರಿಯಲ್ಲ. ಅದಕ್ಕೆ 940 ನ್ಯಾನೋಮೀಟರ್ ಉಣಿಸಿದರೆ 1030 ಕೊಡುತ್ತದೆ, ನೂರಕ್ಕೆ ಒಂಬತ್ತು ಪಾಲು ಮಾತ್ರ ಬಿಸಿ. ತೆರಿಗೆ ಇಷ್ಟು ಕಡಿಮೆ ಎಂದು ಕೈಗಾರಿಕೆಯವರು ಅದರ ಬೆನ್ನು ಹತ್ತಿದ್ದಾರೆ. ಆದರೆ ಅದರ ಕೆಳಮೆಟ್ಟಿಲು ಬರೀ 612ರಲ್ಲಿದೆ. ಕೋಣೆಯ ಬಿಸಿಯಲ್ಲೇ ನೂರಕ್ಕೆ ನಾಲ್ಕೈದು ಅಯಾನು ಅಲ್ಲಿ ಹತ್ತಿ ಕೂತಿರುತ್ತವೆ, ಹೊರಡುವ ಬೆಳಕನ್ನು ತಾವೇ ನುಂಗುತ್ತವೆ. ದ್ರವ ಸಾರಜನಕದಲ್ಲಿ ತಣಿಸಿದರೆ ಅವು ಹೇಳಹೆಸರಿಲ್ಲದಂತೆ ಇಳಿಯುತ್ತವೆ, ಜೊತೆಗೆ ಹರಳಿನ ಶಾಖವಾಹಕತೆಯೂ ಹಲವು ಪಟ್ಟು ಹೆಚ್ಚುತ್ತದೆ. ಬಲವಾದ ಸಂಶೋಧನಾ ಲೇಸರ್‌ಗಳನ್ನು ಅಷ್ಟು ಚಳಿಯಲ್ಲಿ ಇಡುವುದು ಇದಕ್ಕೇ. ಅಲ್ಲಿ ಹರಳು ನಿರ್ವಾತದ ಗೂಡಿನಲ್ಲಿರುತ್ತದೆ, ಇಬ್ಬನಿಯ ಪ್ರಶ್ನೆಯಿಲ್ಲ. ಇನ್ನೊಂದು ದಾರಿಯನ್ನು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಅಡಾಲ್ಫ್ ಗೀಸನ್ ತಂಡ 1990ರ ದಶಕದಲ್ಲಿ ಕಂಡುಕೊಂಡಿತು. ಹರಳನ್ನು ಕಡ್ಡಿಯಾಗಿ ಕಡೆಯದೆ ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು ದಪ್ಪದ ಬಿಲ್ಲೆ ಮಾಡಿ ಬೆನ್ನಿನಿಂದ ತಣಿಸುವುದು. ಬಿಸಿಯೂ ಬೆಳಕೂ ಒಂದೇ ದಿಕ್ಕಿನಲ್ಲಿ ಸಾಗುವುದರಿಂದ ಕನ್ನಡಕದ ಕಾಟ ಬಹುಪಾಲು ತಪ್ಪುತ್ತದೆ.

ತಂಪು ಮಾಡಿದಷ್ಟೂ ಒಳ್ಳೆಯದು ಎಂದುಕೊಳ್ಳುವವರಿಗೆ ಅಲೆಕ್ಸಾಂಡ್ರೈಟ್ ಎಂಬ ಹರಳು ಎದುರುತ್ತರ ಕೊಡುತ್ತದೆ. ಬೆಂಗಳೂರಿನ ಚರ್ಮದ ಕ್ಲಿನಿಕ್ಕುಗಳಲ್ಲಿ ಬೇಡದ ಕೂದಲು ತೆಗೆಯಲು ಬಳಸುವ 755 ನ್ಯಾನೋಮೀಟರ್ ಲೇಸರ್ ಇದರದ್ದು. ಬೆಳಕು ಕೊಡುವ ಅಯಾನು ಮಾಣಿಕ್ಯದ್ದೇ, ಕ್ರೋಮಿಯಂ. ಮನೆ ಬೇರೆ. ಈ ಮನೆಯಲ್ಲಿ ಶಕ್ತಿ ಕೂಡಿಡುವ ಕೋಣೆ ಒಂದು ಕಡೆ, ಬೆಳಕು ಬಿಡುವ ಕೋಣೆ ಅದಕ್ಕಿಂತ 800ರಷ್ಟು ಮೇಲೆ. ಕೆಳಗಿನಿಂದ ಮೇಲಕ್ಕೆ ಹತ್ತಿಸುವ ಕೆಲಸ ಬಿಸಿಯದು. ಆದ್ದರಿಂದ ಒಂದು ಮಿತಿಯವರೆಗೆ ಹರಳು ಬಿಸಿಯಾದಷ್ಟೂ ಲೇಸರ್ ಗೆಲುವಾಗುತ್ತದೆ, ಹರಳಿನ ಸುತ್ತ ಬಿಸಿನೀರನ್ನೇ ಹರಿಸುತ್ತಾರೆ. ಕ್ಲಿನಿಕ್ಕಿನಲ್ಲಿ ಚರ್ಮಕ್ಕೆ ತಣ್ಣನೆಯ ಗಾಳಿ ಊದುತ್ತಿರುವಾಗ ಪೆಟ್ಟಿಗೆಯೊಳಗಿನ ಹರಳು ಬಿಸಿನೀರಿನಲ್ಲಿರುತ್ತದೆ.

ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪರದೆ ಕೆಟ್ಟವರಿಗೆ ಹಸಿರು ಲೇಸರ್ ಕೊಡುತ್ತಾರಲ್ಲ, ಅದರ ಮೂಲವೂ ಬಹುಪಾಲು ಯಂತ್ರಗಳಲ್ಲಿ ನಿಯೊಡೈಮಿಯಂ ಹರಳೇ. 1064ರ ಕಾಣದ ಬೆಳಕನ್ನು ಇನ್ನೊಂದು ಹರಳಿನ ಮೂಲಕ ಹಾಯಿಸಿ ತರಂಗಾಂತರವನ್ನು ಅರ್ಧಕ್ಕಿಳಿಸಿದರೆ 532, ಅಚ್ಚ ಹಸಿರು. ಈ ಎರಡನೇ ಹರಳಿನಲ್ಲಿ ಎರಡೂ ಬಣ್ಣ ಒಂದೇ ವೇಗದಲ್ಲಿ ಸಾಗಬೇಕು, ಆ ವೇಗ ಹೊಂದುವುದು ನಿರ್ದಿಷ್ಟ ಬಿಸಿಯಲ್ಲಿ. ಎಲ್‌ಬಿಒ ಎಂಬ ಹರಳನ್ನು ಬಲವಾದ ಹಸಿರು ಲೇಸರ್‌ಗಳಲ್ಲಿ ಪುಟ್ಟ ಒಲೆಯೊಳಗಿಟ್ಟು ಸುಮಾರು 149 ಡಿಗ್ರಿಯಲ್ಲಿ ಕಾಯಿಸುತ್ತಾರೆ. ತೇವ ಹೀರುವ ಜಾತಿಯದಾದ್ದರಿಂದ ಒಲೆಯ ವಾಸ ಅದಕ್ಕೆ ಹಿತವೂ ಹೌದು. ಒಂದೇ ಪೆಟ್ಟಿಗೆಯಲ್ಲಿ ಗೇಣು ದೂರದಲ್ಲಿ ಒಂದು ಹರಳಿಗೆ ತಣ್ಣೀರು, ಇನ್ನೊಂದಕ್ಕೆ ಬೆಂಕಿ.

ಆಕಾಶ ನೋಡುವ ಹುಡುಗರ ಕೈಯಲ್ಲಿರುವ ಹಸಿರು ಪಾಯಿಂಟರ್ ಇದೇ ಯಂತ್ರದ ಬಡ ನೆಂಟ. ಪೆನ್ನಿನೊಳಗೆ ಒಂದು ಡಯೋಡು, ನಿಯೊಡೈಮಿಯಂ ಹಾಕಿದ ಅಕ್ಕಿಕಾಳಿನಷ್ಟು ವನಡೇಟ್ ಹರಳು, ಅದಕ್ಕೆ ಅಂಟಿಸಿದ, ತರಂಗಾಂತರ ಅರ್ಧಕ್ಕಿಳಿಸುವ ಕೆಟಿಪಿ ಹರಳು. ಒಲೆಯಿಲ್ಲ, ತಣ್ಣೀರಿಲ್ಲ. ಡಿಸೆಂಬರಿನಲ್ಲಿ ಮಳೆಮೋಡ ಕಳೆದು ಕುಂದಾದ್ರಿಯ ಮೇಲೆ ಆಕಾಶ ಒಡೆದು ಕಾಣುವಾಗ, ಚಳಿ ಏರುವ ನಡುರಾತ್ರಿಯಲ್ಲಿ ಈ ಪಾಯಿಂಟರ್ ಮಂಕಾಗುತ್ತದೆ. ಸೆಲ್ ಮುಗಿಯಿತೆಂದು ಬೈದುಕೊಳ್ಳುತ್ತಾರೆ. ಅಂಗೈಯಲ್ಲಿ ಹಿಡಿದು, ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿದರೆ ಮತ್ತೆ ಹೊಳೆಯುತ್ತದೆ. ಡಯೋಡಿನ ಬೆಳಕಿನ ಬಣ್ಣ ಡಿಗ್ರಿಗೆ ಸುಮಾರು 0.3 ನ್ಯಾನೋಮೀಟರಿನಂತೆ ಸರಿಯುತ್ತದೆ. 28 ಡಿಗ್ರಿಯಿಂದ 13ಕ್ಕೆ ಇಳಿದರೆ ನಾಲ್ಕೂವರೆ ನ್ಯಾನೋಮೀಟರ್. ಹರಳು ಚೆನ್ನಾಗಿ ಉಣ್ಣುವುದು 808ರ ಅಕ್ಕಪಕ್ಕದಲ್ಲಿ ಮಾತ್ರ. ಬಡಿಸಿದ್ದು ಸರಿದುಹೋದರೆ ಅದು ಅರೆಹೊಟ್ಟೆ. ಇಲ್ಲೊಂದು ಎಚ್ಚರಿಕೆ ಬೇಕು. ಹಸಿರು ಮಂಕಾಯಿತೆಂದರೆ ಪೆನ್ನು ನಿರಪಾಯವಾಯಿತು ಎಂದಲ್ಲ. ಹಸಿರಾಗದೆ ಉಳಿದ ಅವಕೆಂಪು ಬೆಳಕು, ಶೋಧಕ ಗಾಜು ಇಲ್ಲದ ಅಗ್ಗದ ಮಾಲಿನಲ್ಲಿ, ಹಾಗೇ ಹೊರಗೆ ಬರುತ್ತಿರುತ್ತದೆ. ಕಣ್ಣಿಗೆ ಕಾಣದ್ದರಿಂದ ರೆಪ್ಪೆ ಮುಚ್ಚುವುದಿಲ್ಲ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು ಇಂಥ ಪೆನ್ನೊಂದನ್ನು ಪರೀಕ್ಷಿಸಿ ಸಾರ್ವಜನಿಕರನ್ನು ಎಚ್ಚರಿಸಿದ್ದರು.

ನಿಯೊಡೈಮಿಯಂ ಯಾಗ್ 2008ರಲ್ಲಿ ನಮ್ಮ ರಾಜ್ಯದಿಂದ ಬಲು ದೂರದ ಪಯಣ ಹೋಯಿತು. ಬೆಂಗಳೂರಿನ ಪೀಣ್ಯದಲ್ಲಿ, 1975ರ ಆರ್ಯಭಟ ಉಪಗ್ರಹವನ್ನು ಕಟ್ಟಿದ ಜಾಗದಲ್ಲೇ, ಇಸ್ರೋದ ವಿದ್ಯುತ್-ದೃಗ್ವಿಜ್ಞಾನ ಪ್ರಯೋಗಾಲಯ ಇದೆ; ಲಿಯೋಸ್ ಎಂದು ಕರೆಯುತ್ತಾರೆ. ಚಂದ್ರಯಾನ-1ಕ್ಕಾಗಿ ಅಲ್ಲಿ ಒಂದು ಲೇಸರ್ ಅಳತೆ ಯಂತ್ರ ಸಿದ್ಧವಾಯಿತು. ಸೆಕೆಂಡಿಗೆ ಹತ್ತು ಸಲ, ಒಂದೊಂದಕ್ಕೂ 10 ಮಿಲಿಜೌಲ್, 1064 ನ್ಯಾನೋಮೀಟರಿನ ಮಿಡಿತಗಳನ್ನು ಚಂದ್ರನ ಮೇಲೆ ಬಿಟ್ಟು, ಅವು ಮರಳಲು ಹಿಡಿದ ಸಮಯದಿಂದ ನೆಲದ ಏರುತಗ್ಗು ಅಳೆಯುವುದು ಅದರ ಕೆಲಸ. ನೌಕೆ 2008ರ ಅಕ್ಟೋಬರ್ 22ರಂದು ಹಾರಿತು. ನವೆಂಬರ್ 16ರಂದು, ಚಂದ್ರನಿಂದ 100 ಕಿಲೋಮೀಟರ್ ಎತ್ತರದಲ್ಲಿ, ಲೇಸರ್ ಚಾಲೂ ಆಯಿತು.

ಅಲ್ಲಿ ಇಬ್ಬನಿಯ ಭಯವಿಲ್ಲ, ಗಾಳಿಯೇ ಇಲ್ಲ. ಬಿಸಿಯನ್ನು ಹೊತ್ತೊಯ್ಯಲೂ ಗಾಳಿಯಿಲ್ಲ. ಹರಳಿನಲ್ಲಿ ಹುಟ್ಟಿದ ಬಿಸಿ ಲೋಹದ ಮೂಲಕ ನೌಕೆಯ ಮೈಗೆ ಹರಿದು, ಅಲ್ಲಿಂದ ವಿಕಿರಣವಾಗಿ ಶೂನ್ಯಕ್ಕೆ ಹೋಗಬೇಕು. ಎದುರಿಗೆ ಬಿಸಿಲಿಗೆ ಕಾದ ಚಂದ್ರ ಇರುವಾಗ ಅದು ಸುಲಭವಲ್ಲ. ಲೇಸರ್ ಚಾಲೂ ಆಗಿ ಹತ್ತು ದಿನ ತುಂಬುವುದರೊಳಗೆ ನೌಕೆಯ ಒಳಗಿನ ಬಿಸಿ 50 ಡಿಗ್ರಿ ಮುಟ್ಟಿತು. ಯೋಜನಾ ನಿರ್ದೇಶಕ ಮಯಿಲ್‌ಸ್ವಾಮಿ ಅಣ್ಣಾದೊರೈ ಅವರ ತಂಡ ನೌಕೆಯನ್ನು ಸುಮಾರು 20 ಡಿಗ್ರಿ ಹೊರಳಿಸಿ, ಕೆಲವು ಉಪಕರಣಗಳನ್ನು ಆರಿಸಿ, ಬಿಸಿಯನ್ನು 10 ಡಿಗ್ರಿಯಷ್ಟು ಇಳಿಸಿತು. 2009ರ ಮೇ 19ರಂದು ಕಕ್ಷೆಯನ್ನು 200 ಕಿಲೋಮೀಟರಿಗೆ ಏರಿಸಲಾಯಿತು. ಹೆಚ್ಚಿನ ಅಧ್ಯಯನಕ್ಕಾಗಿ ಎಂಬುದು ಆಗ ಕೊಟ್ಟ ಕಾರಣ. ಚಂದ್ರನಿಂದ 100 ಕಿಲೋಮೀಟರ್ ಎತ್ತರದಲ್ಲಿ 75 ಡಿಗ್ರಿಯಷ್ಟು ಬಿಸಿಯನ್ನು ನಿರೀಕ್ಷಿಸಿದ್ದೆವು, ಅದು ಮೀರಿತು, ಅದಕ್ಕೇ ಮೇಲೇರಿಸಬೇಕಾಯಿತು ಎಂಬ ವಿವರಣೆಯನ್ನು ಆಗಿನ ಉಪಗ್ರಹ ಕೇಂದ್ರದ ನಿರ್ದೇಶಕ ಟಿ.ಕೆ. ಅಲೆಕ್ಸ್ ಆಮೇಲೆ ಕೊಟ್ಟರು. ಲಿಯೋಸ್‌ನ ಮುಖ್ಯಸ್ಥರಾಗಿದ್ದವರೂ ಅವರೇ.

ಮೇಲೇರಿದ್ದಕ್ಕೆ ಲೇಸರ್ ಅಳತೆ ತೆರಬೇಕಾದ ಬೆಲೆಯನ್ನು ಕಾಗದದ ಮೇಲೆ ಹಾಕಿ ನೋಡಬಹುದು. 10 ಮಿಲಿಜೌಲಿನ ಒಂದು ಮಿಡಿತದಲ್ಲಿ ಹೊರಡುವ ಬೆಳಕಿನ ಕಣಗಳು ಹತ್ತಿರಹತ್ತಿರ 500 ಕೋಟಿಯ ಕೋಟಿ. ಚಂದ್ರನ ನೆಲ ಅದರಲ್ಲಿ ಬಹುಪಾಲನ್ನು ಹೀರಿ, ಉಳಿದದ್ದನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. 100 ಕಿಲೋಮೀಟರ್ ಮೇಲಿರುವ ಗೇಣಗಲದ ದೂರದರ್ಶಕದ ಬಾಯಿಗೆ ಬಂದು ಬೀಳುವುದು ಕೆಲವು ಸಾವಿರ ಕಣ. 200 ಕಿಲೋಮೀಟರಿನಿಂದ ನೋಡಿದರೆ ಅದರ ನಾಲ್ಕನೇ ಒಂದು ಪಾಲು.